ಮೂರು ಓಟಿನ ಮನೆತನ

ಜಮಖಂಡಿಯಲ್ಲಿ ಕಲ್ಮೇಶನ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಟ್ಟನೆ ತಿಳಿಯುವುದಿಲ್ಲ. ಮೂರು ಓಟಿನವರ ಮನೆ ಎಲ್ಲಿ ಎಂದು ಕೇಳಿ ನೋಡಿ, ಆಟೊದವನು ಮರುಮಾತಿಲ್ಲದೆ ಹತ್ತಿಸಿಕೊಂಡು ಹೋಗಿ ಬಾಗಿಲಿಗೇ ಬಿಡುತ್ತಾನೆ.

ಈ ಹೆಸರು ಕಲ್ಮೇಶ ಗಳಿಸಿದ್ದಲ್ಲ, ಅಜ್ಜನಿಂದ ಬಂದ ಆಸ್ತಿ. ಅಜ್ಜ ಶಿವಯೋಗೆಪ್ಪ ಸಂಸ್ಥಾನದ ಕಾಲದಲ್ಲಿ ಊರಲ್ಲಿ ಅಚ್ಚುಕೂಟ ಇಟ್ಟವನು. ಆಗ ಮೊದಲ ಸಲ ಊರ ಕಮಿಟಿಗೆ ಚುನಾವಣೆ ಅಂತ ಒಂದು ಆಯಿತು. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ತುಂಬುವ ಗಂಡಸರಿಗೆ ಮಾತ್ರ ಓಟು. ನಿಂತವರೆಲ್ಲ ಕರಪತ್ರ ಹಾಕಿಸಿದ್ದು ಶಿವಯೋಗೆಪ್ಪನ ಹತ್ತಿರವೇ. ಅವರಿವರ ಗುಣಗಾನಕ್ಕೆ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ, ಇವರಿಗಿಂತ ನಾನೇನು ಕಡಿಮೆ ಅನ್ನಿಸಿ ಅವನೂ ನಿಂತ. ಬಿದ್ದದ್ದು ಮೂರು. ಒಂದು ಅವನದೇ. ಇನ್ನೊಂದು ತನ್ನದು ಎಂದು ಅವನ ಅಳಿಯ ಹೇಳಿಕೊಳ್ಳುತ್ತಿದ್ದ. ಮೂರನೆಯದು ಯಾರದು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಅಜ್ಜಿಗೆ ಓಟಿದ್ದರೆ ನಾಲ್ಕಾಗುತ್ತಿತ್ತು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅಜ್ಜಿ ಆ ಮಾತಿಗೆ ಹೂಂ ಅಂದದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಅಂದು ಗೆದ್ದವನು ಬಟ್ಟೆ ವ್ಯಾಪಾರಿ. ಅವನ ಮೊಮ್ಮಗ ಹೊಳಬಸಪ್ಪನಿಗೆ ಈಗ ಬನಹಟ್ಟಿಯಲ್ಲಿ ಪವರ್‌ಲೂಮು, ಜಮಖಂಡಿಯಲ್ಲಿ ಬಟ್ಟೆ ಅಂಗಡಿ; ಊರಿನ ಪಕ್ಷಕ್ಕೂ ಅವನೇ ಅಧ್ಯಕ್ಷ. ಈ ಸಲದ ನಗರಸಭೆ ಚುನಾವಣೆಗೆ ಕಲ್ಮೇಶನ ವಾರ್ಡು ಹೆಂಗಸರಿಗೆ ಮೀಸಲಾಯಿತು. ಹೆಂಡತಿ ಬನಶಂಕರಿಯನ್ನು ನಿಲ್ಲಿಸುವುದು ಎಂದು ಕಲ್ಮೇಶ ನಿರ್ಧಾರ ಮಾಡಿದ. ಅವಳನ್ನು ಕೇಳಲಿಲ್ಲ, ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ. ಗೆದ್ದ ಮೇಲೆ ಸಹಿ ಅವಳದು, ಕಾರಭಾರ ತನ್ನದು. ಸುಧಾರಣೆ ಅಂದರೆ ಇದೇ ಎಂದು ಅವನು ತಿಳಿದಿದ್ದ.

ಟಿಕೆಟಿನ ಮಾತಿಗೆ ಹೊಳಬಸಪ್ಪ ಮನೆಗೇ ಬಂದ. ಬನಶಂಕರಿಯ ತವರು ಮುಧೋಳದ ಕಡೆ, ಕಬ್ಬಿನವರು. ತುಟಿಗೆ ತುಟಿ ಅಂಟುವ ಅವಳ ಚಹಾಕ್ಕೆ ಓಣಿಯಲ್ಲೆಲ್ಲ ಹೆಸರಿದೆ. ಹೊಳಬಸಪ್ಪ ಎರಡು ಸಲ ಹಾಕಿಸಿಕೊಂಡು ಕುಡಿದು, ಕಪ್ಪು ಕೆಳಗಿಟ್ಟು, ತನ್ನ ಸಂಗಡ ಬಂದವರ ಕಡೆ ಕಣ್ಣು ಹೊಡೆದ.

“ಬನಶಂಕರಿ ಛಲೋ ಹೆಣ್ಮಗಳು ಅದಾಳ, ಖರೆ. ಆದ್ರ ಮೂರ ಓಟಿನ ಮನಿಗೆ ಟಿಕೆಟ್ ಕೊಟ್ರ ಮಂದಿ ನನ್ನ ಮಾರಿ ನೋಡಿ ನಗತಾರಲೇ ಕಲ್ಮೇಶಾ. ನಾಲ್ಕನೇ ಓಟು ಎಲ್ಲಿಂದ ತರತಿ?”

ಬಂದವರು ನಕ್ಕರು. ಕಲ್ಮೇಶನೂ ನಕ್ಕ. ನಗದೆ ಏನು ಮಾಡುತ್ತಾನೆ, ಪಾಪ. ಶಾಲೆಯಲ್ಲಿ ಹಾಜರಿ ಕೂಗುವಾಗ ಮೂರನೆಯ ನಂಬರು ಬಂದರೆ ಹುಡುಗರೆಲ್ಲ ಅವನ ಕಡೆಗೇ ತಿರುಗುತ್ತಿದ್ದರು. ಮದುವೆಯಲ್ಲಿ ಬೀಗರು ಮೂರು ಹೋಳಿಗೆ ಬಡಿಸಿ ಕಿಸಕ್ಕೆಂದಿದ್ದರು. ಆಗಿನಿಂದಲೂ ನಗುತ್ತಲೇ ಬಂದಿದ್ದ. ಆ ದಿನ ಮಾತ್ರ ಬಂದವರು ಹೋದ ಮೇಲೂ ಆ ಮಾತು ಅವನ ತಲೆಯಿಂದ ಹೋಗಲಿಲ್ಲ. ಈ ಹೆಸರನ್ನು ಅಳಿಸದೆ ತಾನು ಸಾಯಬಾರದು ಅನ್ನಿಸಿತು.

ಅಳಿಸುವ ದಾರಿ ತಾನಾಗಿಯೇ ನಡೆದು ಬಂತು, ಯಶೋಧರಾಬಾಯಿಯವರ ರೂಪದಲ್ಲಿ. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬೀಳಗಿಯಿಂದ ರಬಕವಿಯವರೆಗೆ ಮಂದಿಯ ಅಟ್ಟಗಳಿಗೆ ಏಣಿ ಹಾಕಿ ಹಳೆಯ ಚುನಾವಣೆಯ ಕರಪತ್ರ, ಗೋಡೆ ಪತ್ರ, ಎದೆಗೆ ಚುಚ್ಚುವ ಬಿಲ್ಲೆ ಎಲ್ಲ ಕೂಡಿಸಿದ್ದರು. ಓಟು ಮೊದಲು ಪಟ್ಟಿ ತುಂಬಿದವರಿಗೆ, ಆಮೇಲೆ ಎಲ್ಲರಿಗೆ, ಆಮೇಲೆ ಹೆಂಗಸರಿಗೆ ಮೀಸಲು ಜಾಗ, ಹೀಗೆ ಬೆಳೆದು ಬಂದ ಕತೆಯನ್ನು ಆ ಕಾಗದಗಳಿಂದಲೇ ತೋರಿಸುವ ಪ್ರದರ್ಶನವೊಂದನ್ನು ಜಮಖಂಡಿಯಲ್ಲಿ ಏರ್ಪಡಿಸುವವರಿದ್ದರು. ಶಿವಯೋಗೆಪ್ಪನ ಅಚ್ಚುಕೂಟದ ಕರಪತ್ರಗಳೇ ಅದರಲ್ಲಿ ಹೆಚ್ಚು.

“ನಿಮ್ಮ ಅಜ್ಜಾರು ಊರ ಮಂದೀದೆಲ್ಲಾ ಛಾಪಿಸ್ಯಾರ,” ಎಂದರು. “ಅವರದ ಒಂದೂ ಸಿಕ್ಕಿಲ್ಲ ನೋಡ್ರಿ. ಅಟ್ಟದ ಮ್ಯಾಲ ಹುಡುಕ್ರಿ, ಸಿಕ್ರ ನನಗ ಹೇಳ್ರಿ.”

ಹುಡುಕುತ್ತೇನೆ ಎಂದ ಕಲ್ಮೇಶ. ಹುಡುಕುವುದೇನು ಬಂತು! ಅಟ್ಟದ ಮೇಲೆ ಏನಿದೆ ಎಂದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅಜ್ಜನ ಮರದ ಗೂಡುಗಳಲ್ಲಿ ಸೀಸದ ಮೊಳೆಗಳು. ಗೋಣಿತಟ್ಟಿನಲ್ಲಿ ಸುತ್ತಿಟ್ಟ, ಬಿಚ್ಚದೇ ಉಳಿದ ಹಳೆಯ ಕಾಗದದ ಕಟ್ಟು. ಕೆಳಗೆ, ಈಗ ಅವನು ನಡೆಸುವ ಆಫ್‌ಸೆಟ್ ಯಂತ್ರದ ಹಿಂದೆ, ತುಳಿದರೆ ಈಗಲೂ ತಿರುಗುವ ಟ್ರೆಡಲ್ ಅಚ್ಚುಯಂತ್ರ. ಅದೇ ಅಚ್ಚುಕೂಟ, ಅದೇ ಮೊಳೆ, ಅದೇ ಕಾಗದ. ಒಂದು ಲೆಕ್ಕಕ್ಕೆ ಇದು ನಕಲಿಯೇ ಅಲ್ಲ, ತುಸು ತಡವಾಗಿ ಅಚ್ಚಾದ ಅಸಲಿ. ಹೀಗೆ ಅಂದುಕೊಂಡ ಮೇಲೆ ಅವನ ಮನಸ್ಸಿನ ಭಾರವೂ ಇಳಿಯಿತು.

ಕಡಿಮೆ ತಲೆಯವನಾಗಿದ್ದರೆ ಅಜ್ಜನಿಗೆ ಮುನ್ನೂರು ಓಟು ಬಿದ್ದವೆಂದು ಸಾರುತ್ತಿದ್ದ, ಸಿಕ್ಕಿಬೀಳುತ್ತಿದ್ದ. ಕಲ್ಮೇಶ ಮೂರನ್ನು ಮುಟ್ಟಲೇ ಇಲ್ಲ. ಮೂರು ಮೂರೇ ಇರಲಿ, ಅದರ ಅರ್ಥ ಬದಲಾಗಲಿ. ಅವನು ಬರೆದದ್ದು ಇಷ್ಟು:

“ಜಾಹೀರ ವಿನಂತಿ. ಮನೆಪಟ್ಟಿ ತುಂಬಿದವನಿಗೆ ಓಟುಂಟು, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವನಿಗಿಲ್ಲ. ತಾಯಂದಿರಿಗಂತೂ ಇಲ್ಲವೇ ಇಲ್ಲ. ಇಂಥ ಚುನಾವಣೆಯಲ್ಲಿ ಗೆಲ್ಲಲು ನನಗೆ ನಾಚಿಕೆ. ಆದಕಾರಣ ನಾನು ಹಿಂದೆ ಸರಿದಿರುವೆನು. ಯಾರೂ ನನಗೆ ಓಟು ಹಾಕಬಾರದಾಗಿ ಕೈಮುಗಿದು ಕೇಳಿಕೊಳ್ಳುವ, ಶಿವಯೋಗೆಪ್ಪ.”

ಓದಿ ಅವನ ಕಣ್ಣಲ್ಲೇ ನೀರು ಬಂತು. ಹಾಕಬೇಡಿ ಎಂದು ಕೈಮುಗಿದರೂ ಮೂರು ಮಂದಿ ಹಾಕಿದ್ದರಲ್ಲ, ಎಂಥ ಅಭಿಮಾನ! ಅಜ್ಜ ಹೀಗೆ ಬರೆಯಲಿಲ್ಲವಲ್ಲ ಎಂದು ಅಜ್ಜನ ಮೇಲೆ ಸಿಟ್ಟೂ ಬಂತು.

ಮೊಳೆ ಜೋಡಿಸುವಾಗ ಅವಸರ ಮಾಡಲಿಲ್ಲ. ಅಜ್ಜನ ಕಾಲದ ‘ಕ’ ಒಂದರ ತುದಿ ಮುರಿದಿತ್ತು. ಯಶೋಧರಾಬಾಯಿಯ ಹತ್ತಿರವಿದ್ದ ಕರಪತ್ರಗಳಲ್ಲೆಲ್ಲ ಆ ಮುರುಕು ‘ಕ’ ಕಾಣುತ್ತದೆಂದು ಅವನು ನೋಡಿಟ್ಟಿದ್ದ. ಅದನ್ನೇ ಹುಡುಕಿ, ಬೇಕೆಂದೇ ಮೂರು ಕಡೆ ಇಟ್ಟ. ಶಾಯಿಗೆ ಒಲೆಯ ಕಾಡಿಗೆಯನ್ನೂ ಅಗಸಿ ಎಣ್ಣೆಯನ್ನೂ ಕಲಸಿದ. ಟ್ರೆಡಲ್ ತುಳಿದ. ಒಂದೇ ಪ್ರತಿ ತೆಗೆದ. ಎರಡು ಸಿಕ್ಕರೆ ಮಂದಿ ಹತ್ತು ಎಲ್ಲಿ ಎಂದು ಕೇಳುತ್ತಾರೆ. ಕೆಲಸವಾದ ಕೂಡಲೇ ಮೊಳೆಗಳನ್ನು ಬಿಡಿಸಿ ಅವವುಗಳ ಗೂಡಿಗೆ ಸೇರಿಸಿದ.

ಒಂದೇ ಕೊರತೆ ಉಳಿಯಿತು. ಕಾಗದ ಕಟ್ಟಿನ ನಟ್ಟನಡುವಿನದು. ಬೆಳಕು ಕಂಡಿರಲಿಲ್ಲವಾಗಿ ಬೆಳ್ಳಗೇ ಇತ್ತು. ಅದಕ್ಕೆ ಮದ್ದು ಚಹಾ. ಚಹಾದಲ್ಲಿ ತೊಯ್ಸಿದ ಕಾಗದ ಹಳದಿಗೆ ತಿರುಗುತ್ತದೆಂದು ಅವನಿಗೆ ಗೊತ್ತು, ಆದರೆ ಅಲ್ಲೂ ಅಪಾಯವಿದೆ. ಹಾಲಿನ ಜಿಡ್ಡು ಕಾಗದಕ್ಕೆ ಹತ್ತಿದರೆ ಚಿಕ್ಕಿಚಿಕ್ಕಿಯಾಗಿ ನಿಲ್ಲುತ್ತದೆ, ನಾಲ್ಕು ದಿನಕ್ಕೆ ಹುಳಿ ನಾತ ಬರುತ್ತದೆ. ಸಾಮಾನ್ಯ ಕಳ್ಳರು ಮುಗ್ಗರಿಸುವುದು ಇಂಥಲ್ಲೇ ಎಂದು ಅವನಿಗೆ ಖಾತ್ರಿಯಿತ್ತು.

“ಏ ಬನಶಂಕರಿ, ಒಂದು ಬೋಗುಣಿ ಚಹಾ ಮಾಡು. ಕಡಕ್ ಇರಬೇಕ. ಹಾಲು ಹಾಕಬ್ಯಾಡ. ಒಂದು ಹನಿನೂ ಹಾಕಬ್ಯಾಡ.”

“ಇಷ್ಟು ಚಹಾ ಯಾರಿಗ್ರೀ?”

“ಕಾಗದಕ್ಕ. ಅಜ್ಜನ ಕರಪತ್ರ ಸಿಕ್ಕೈತಿ. ಹಳೇ ಕಾಗದಕ್ಕ ಇದು ಔಷಧ, ಆಯುಷ್ಯ ಹೆಚ್ಚತೈತಿ.”

ಬನಶಂಕರಿ ಕಾಗದವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಒಳಗೆ ಹೋದಳು. ಚಹಾ ಮಾಡಿ ತಂದಳು. ಹಾಲಿನ ಹನಿಯೂ ಇರಲಿಲ್ಲ. ಆರಿದ ಮೇಲೆ ಪರಾತದಲ್ಲಿ ಸುರಿದು ಕಲ್ಮೇಶ ಕಾಗದವನ್ನು ಮುಳುಗಿಸಿ ಎತ್ತಿದ, ನೆರಳಲ್ಲಿ ಒಣಗಿಸಿದ. ಎಂಥ ಬಣ್ಣ ಬಂತು ಅಂತೀರಿ! ಬಣ್ಣ ಹೋಗಲಿ, ಒಣಗಿದ ಕಾಗದಕ್ಕೆ ಒಂದು ಬಿರುಸು ಬಂದಿತ್ತು. ಮಡಚಿದರೆ ಕಟಕಟ ಅನ್ನುತ್ತಿತ್ತು, ಬೆರಳಿಗೆ ತುಸು ಹಿಡಿದ ಹಾಗಾಗುತ್ತಿತ್ತು. ಹಳೆಯ ಕಾಗದದ ಗುಣವೇ ಹಾಗೆ ಎಂದು ಅವನು ತಲೆದೂಗಿದ. ಚಹಾದ ವಾಸನೆ ಹೋಗಲೆಂದು ಟ್ರಂಕಿನಲ್ಲಿ, ಅಜ್ಜ ತಲೆಗೆ ಸುತ್ತುತ್ತಿದ್ದ ಪಟಕಾದ ನಡುವೆ, ನುಸಿಗೆ ಇಡುವ ಡಾಂಬರ ಗುಳಿಗೆ ಮುಷ್ಟಿಗಟ್ಟಲೆ ಹಾಕಿ ಇಟ್ಟ. ಪ್ರದರ್ಶನ ಹತ್ತಿರ ಬರುವವರೆಗೆ ಅದು ಅಲ್ಲೇ ಇತ್ತು, ಒಂದು ಹುಳವೂ ಹತ್ತಿರ ಸುಳಿಯಲಿಲ್ಲ.

ಯಶೋಧರಾಬಾಯಿ ಬಂದು ಕಾಗದದ ಮೇಲೆ ಭೂತಗನ್ನಡಿ ಹಿಡಿದರು. ಅವರು ಕಾಗದವನ್ನು ಬೆಳಕಿಗೆ ಹಿಡಿದರು, ಅಂಚು ನೋಡಿದರು, ಮೂಗಿಗೆ ಹತ್ತಿರ ತಂದು ಡಾಂಬರ ಗುಳಿಗೆಯ ಘಾಟಿಗೆ ಸೀನಿದರು. ಆಮೇಲೆ ಮುರುಕು ‘ಕ’ ಕಂಡಿತು.

“ಅಯ್ಯ ನನ್ನ ಶಿವನ!” ಎಂದರು. ಓದಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಓದಿದರು. “ತಾಯಂದಿರಿಗೂ ಓಟು ಬೇಕಂತ ಆ ಕಾಲದಾಗ ಬರದಾರಲ್ರಿ! ಇಡೀ ಪ್ರದರ್ಶನಕ್ಕ ಇದೊಂದ ಸಾಕು. ಇಷ್ಟು ದಿನ ಊರವರು ಈ ಮನುಷ್ಯಾನ್ನ ನೋಡಿ ನಕ್ಕರಲ್ರಿ.”

ಆ ಮಾತಿಗೆ ಕಲ್ಮೇಶ ನಿಜವಾಗಿಯೂ ಅತ್ತ. ಹೆಂಗಸು ಒಳ್ಳೆಯವರು, ಮೋಸ ಹೋಗುತ್ತಿದ್ದಾರಲ್ಲ ಎಂದು ಒಂದು ಗಳಿಗೆ ಕೆಡುಕೆನಿಸಿತು. ಆಮೇಲೆ ಆ ಗಳಿಗೆ ದಾಟಿತು.

ಸುದ್ದಿ ಸಾವಳಗಿ, ಹುನ್ನೂರಿನವರೆಗೆ ಹಬ್ಬಿತು. ಮೂರು ಓಟಿನವರು ಎಂಬ ಮಾತಿಗೆ ಏಕಾಏಕಿ ಮರ್ಯಾದೆ ಬಂತು. ಹೊಳಬಸಪ್ಪ ಗಾಳಿಯ ದಿಕ್ಕು ಬಲ್ಲವನು. ತಾನೇ ಫೋನು ಮಾಡಿದ. ಕರಪತ್ರದ ಪರದೆ ತಾನು ಸರಿಸುವುದು, ಅಲ್ಲೇ ಬನಶಂಕರಿಯ ಟಿಕೆಟ್ ಸಾರುವುದು, ಅವಳು ನಾಲ್ಕು ಮಾತು ಆಡುವುದು, ಹೀಗೆ ಮಾತಾಯಿತು. ಕಲ್ಮೇಶನನ್ನು ಮೊದಲ ಸಲ ‘ಕಲ್ಮೇಶಪ್ಪಾರ’ ಎಂದು ಕರೆದ.

ಹಿಂದಿನ ದಿನ ಸಂಜೆ ಕಲ್ಮೇಶ ಕಾಗದವನ್ನು ಟ್ರಂಕಿನಿಂದ ತೆಗೆದು, ಕಟ್ಟಿಗೆಯ ಚೌಕಟ್ಟಿನಲ್ಲಿ ಕೂರಿಸಿ, ಪ್ರದರ್ಶನ ನಡೆಯುವ ಸಭಾಗೃಹದ ಗೋಡೆಗೆ ತಾನೇ ತೂಗುಹಾಕಿ ಬಂದ. ಗಾಜಿನ ಮೇಲೆ ಕೆಂಪು ಪರದೆ ಇಳಿಬಿಟ್ಟರು. ಬೀಗ ಹಾಕಿದರು. ಆ ರಾತ್ರಿ ಕಲ್ಮೇಶನಿಗೆ ಹಿಂದೆಂದೂ ಬಾರದ ನಿದ್ದೆ ಬಂತು.

ಮರುದಿನ ಸಭಾಗೃಹ ತುಂಬಿತ್ತು. ಹೊರಗೆ ಬಸ್ ಸ್ಟ್ಯಾಂಡಿನವರೆಗೆ ಕೇಳುವ ಹಾಗೆ ಸ್ಪೀಕರು ಕಟ್ಟಿದ್ದರು. ಯಶೋಧರಾಬಾಯಿ ಓಟಿನ ಇತಿಹಾಸ ಹೇಳಿದರು, ಶಿವಯೋಗೆಪ್ಪನ ಹೆಸರು ಬಂದಾಗ ಮಂದಿ ಚಪ್ಪಾಳೆ ಹೊಡೆದರು. ಹೊಸ ಇಳಕಲ್ ಸೀರೆಯಲ್ಲಿ ಬನಶಂಕರಿ ಚೌಕಟ್ಟಿನ ಪಕ್ಕದಲ್ಲೇ ನಿಂತಿದ್ದಳು. ಮಾತಾಡಲೆಂದು ಮೈಕು ಆಗಲೇ ಅವಳ ಕೈಗೆ ಕೊಟ್ಟಿದ್ದರು. ಹೊಳಬಸಪ್ಪ ಕೆಮ್ಮಿ, ಅಂಗಿ ಸರಿಮಾಡಿಕೊಂಡು, ದಾರ ಎಳೆದ.

ಪರದೆ ಸರಿಯಿತು. ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಮುಂದಿನ ಸಾಲಿನವರಿಗೆ ಮೊದಲು ಅಕ್ಷರಗಳೇ ಹರಿದಾಡಿದ ಹಾಗೆ ಕಂಡಿತು. ಗೋಡೆಯ ಬಿರುಕಿನಿಂದ ಹೊರಟ ಒಂದು ಕೆಂಪು ಎಳೆ ಚೌಕಟ್ಟಿನ ಹಿಂಬದಿಯಿಂದ ಒಳಹೊಕ್ಕು, ಗಾಜಿನ ಕೆಳಗೆ ‘ಜಾಹೀರ ವಿನಂತಿ’ಯಿಂದ ಹಿಡಿದು ‘ಶಿವಯೋಗೆಪ್ಪ’ನವರೆಗೆ ದಟ್ಟವಾಗಿ ಹಬ್ಬಿತ್ತು. ಯಶೋಧರಾಬಾಯಿ ಭೂತಗನ್ನಡಿ ಹಿಡಿದು ಬಗ್ಗಿದರು.

“ಇರಿವಿ,” ಎಂದರು, ಮೆಲ್ಲಗೆ.

ಹೊಳಬಸಪ್ಪ ಆ ಕಡೆ ಈ ಕಡೆಯ ಚೌಕಟ್ಟುಗಳನ್ನೆಲ್ಲ ನೋಡಿಬಂದು, “ಅಲ್ರೀ ಬಾಯಾರ, ಇಲ್ಲಿ ಇಷ್ಟು ಹಳೇ ಕಾಗದ ಅದಾವು, ಒಂದಕ್ಕೂ ಹತ್ತಿಲ್ಲ. ಇದಕ್ಕ ಯಾಕ ಹತ್ತ್ಯಾವು?” ಎಂದು ಕೇಳಿದ. ಮನೆಯಲ್ಲಿ ಎಲ್ಲಿ ಇರುವೆ ಕಂಡರೂ ಮೊದಲು ಹೆಂಡತಿಯ ಮುಖ ನೋಡುವುದು ಕಲ್ಮೇಶನ ರೂಢಿ. ಆ ರೂಢಿಯಂತೆ ಕತ್ತು ತಾನಾಗಿಯೇ ಅವಳ ಕಡೆ ತಿರುಗಿತು. ಆ ನೋಟ ಬನಶಂಕರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಾದರೆ ಸುಮ್ಮನಿರುತ್ತಿದ್ದಳೇನೋ, ಇಷ್ಟು ಮಂದಿಯೆದುರು ತಪ್ಪು ಹೊತ್ತುಕೊಳ್ಳಲು ಅವಳು ತಯಾರಿರಲಿಲ್ಲ. ಕೈಯಲ್ಲಿ ಮೈಕಿದೆ ಎಂಬುದೂ ಅವಳಿಗೆ ಮರೆತುಹೋಗಿತ್ತು. ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು: “ನನ್ನ ಯಾಕ ನೋಡ್ತೀರಿ? ಆ ಕಾಗದಾ ತೊಯ್ಸಾಕ ಚಹಾ ಮಾಡು ಅಂದ್ರಿ, ಮಾಡಿದ್ನಿ. ಹಾಲು ಹಾಕಬ್ಯಾಡ ಅಂದ್ರಿ, ಹಾಕಲಿಲ್ಲ. ಸಕ್ರಿ ಹಾಕಬ್ಯಾಡ ಅಂತ ಯಾವಾಗ ಅಂದಿದ್ರಿ?”