ಏಳನೇ ಕಲ್ಲುಮೂಳೆ

ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಅವಳು ಹಳೆಯ ಗೇಮ್ ಕ್ಯಾಸೆಟ್ ಒಂದರ ತಾಮ್ರದ ಹಲ್ಲುಗಳನ್ನು ಒರೆಸುತ್ತಿದ್ದಳು. ಒಂದು ಹಲ್ಲು, ಆಮೇಲೆ ಇನ್ನೊಂದು. ಕಡ್ಡಿ ಕಪ್ಪಾದರೆ ಬಿಸಾಡಿ ಹೊಸದು. ಹಳೆಯ ವಿಡಿಯೋ ಗೇಮ್ ರಿಪೇರಿ ಮಾಡುವ ಆ ಪುಟ್ಟ ಅಂಗಡಿ ಅವಳ ಸೋದರಮಾವನದು. ಫ್ಯಾನಿನ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ.

ಬಾಗಿಲು ತೆರೆಯಿತು.

“ಬ್ಯಾಟರಿ ಮುಗೀತಾ ಬಂದಿದೆ. ಬದಲಾಯಿಸ್ಕೊಡ್ತೀರಾ?”

ಕಡ್ಡಿ ಅಲ್ಲೇ ನಿಂತಿತು.

ಹನ್ನೊಂದು ವರ್ಷ... ಧ್ವನಿ ಸ್ವಲ್ಪ ದಪ್ಪಗಾಗಿದೆ. ಆದರೆ ಮಾತಿನ ಕೊನೆಯನ್ನು ಕೆಳಗಿಳಿಸಿ, ಬೇಡಿಕೊಳ್ಳುವ ಹಾಗೆ ಬಿಡುವ ಆ ರೀತಿ ಅವನದೇ.

ಅವಳು ತಲೆ ಎತ್ತಲಿಲ್ಲ. ಬೆಸುಗೆಯ ಹೊಗೆಗೆಂದು ಕಟ್ಟಿದ ಮಾಸ್ಕು ಮುಖದ ಮೇಲಿತ್ತು, ಕಣ್ಣಿಗೆ ಭೂತಗನ್ನಡಿ. ಅಷ್ಟು ಮುಚ್ಚಿಕೊಂಡಿದ್ದರೂ ಕುತ್ತಿಗೆ ತಾನಾಗಿ ಒಳಗೆ ಸರಿಯಿತು.

“ಒಳಗಿರೋದು ಮಾತ್ರ ಅಳಿಸಿ ಹೋಗಬಾರದು,” ಅವನೆಂದ. “ಅದು ಹೋದ್ರೆ ನನ್ನ ಹತ್ರ ಇನ್ನೇನೂ ಉಳಿಯಲ್ಲ.”

ಒಳಗಿನ ಕೋಣೆಯಿಂದ ಮಾವ ಬಂದರು. “ಯಾಕೆ ಹೋಗುತ್ತಪ್ಪ? ನಮ್ಮ ಹುಡುಗಿ ಕೈಗೆ ಬಂದ ಕ್ಯಾಸೆಟ್ ಇವತ್ತಿನವರೆಗೆ ಒಂದೂ ಸತ್ತಿಲ್ಲ. ಮಾತಾಡೋರು ತಾನೇ ಕೆಲಸ ಕೆಡಿಸೋದು? ಇವಳು ಮಾತೇ ಆಡಲ್ಲ. ಯಾರ ಹೆಸರಿಗೆ ಬರ್ಕೊಳ್ಳಲಿ?”

“ಹಿಂದಿನ ಬೀದಿ ಕನ್ನಡಕದ ಅಂಗಡಿ ಅಂತ ಬರ್ಕೊಳ್ಳಿ. ಹೊಸದಾಗಿ ಸೇರಿದೀನಿ, ಗಾಜು ಉಜ್ಜೋ ಕೆಲಸ.”

“ಮೂರು ದಿನ ಬಿಟ್ಟು ಬನ್ನಿ.”

ಅವಳು ಸುಮ್ಮನೆ ಕೈ ಚಾಚಿದಳು. ಅವನು ಕ್ಯಾಸೆಟ್ ಅನ್ನು ಆ ಅಂಗೈಯಲ್ಲಿಟ್ಟು, ಒಂದು ಕ್ಷಣ ನಿಂತು, ಹೊರಟುಹೋದ.

‘ಇನ್ನೇನೂ ಉಳಿಯಲ್ಲವಂತೆ. ನನಗೇನು ಉಳಿಸಿದ್ದೆ ನೀನು?’

* * *

ಆಗ ಇಬ್ಬರದೂ ಒಂದೇ ಗೋಡೆಯ ಅಕ್ಕಪಕ್ಕದ ಮನೆ. ಅವಳಿಗೆ ಹದಿನಾಲ್ಕು, ಅವನಿಗೆ ಹದಿನಾರು. ದಪ್ಪ ಕನ್ನಡಕದ ಅವನನ್ನು ಬೀದಿಯವರೆಲ್ಲ ‘ಗೂಬೆ’ ಎನ್ನುತ್ತಿದ್ದರು. ಯಾರಾದರೂ ಮನೆಗೆ ಬಂದರೆ ಕುತ್ತಿಗೆ ಒಳಗೆಳೆದುಕೊಳ್ಳುವ ಅವಳಿಗೆ ಅಪ್ಪ ಇಟ್ಟ ಹೆಸರು ‘ಆಮೆ’.

ಅಪ್ಪ ಬಸ್ ಡ್ರೈವರ್. ಬೆನ್ನುಮೂಳೆಗೆ ಏಟಾಗಿ ಒಂದು ವರ್ಷ ಹಾಸಿಗೆ ಹಿಡಿದಿದ್ದರು. ಆ ವರ್ಷವಿಡೀ ಅಪ್ಪ, ಮಗಳು ಕೈಯಲ್ಲಿ ಹಿಡಿಯುವ ವಿಡಿಯೋ ಗೇಮ್‌ನಲ್ಲಿ ಆಡಿದ್ದು ಒಂದೇ ಆಟ. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯುವ ಆಟ. ಅದರಲ್ಲಿ ಅಪ್ಪನಿಗೆ ಹುಚ್ಚು ಹಿಡಿಸಿದ್ದು ಪಳೆಯುಳಿಕೆಗಳು. ಗುಹೆಗಳಲ್ಲಿ ಅಗೆದರೆ ಎಂದೋ ಸತ್ತು ಕಲ್ಲಾದ ಪ್ರಾಣಿಯ ಮೂಳೆ ಸಿಗುತ್ತದೆ. ಅದನ್ನು ಪ್ರಯೋಗಾಲಯದ ಮುದುಕನಿಗೆ ಕೊಟ್ಟರೆ, ಅವನು ಯಂತ್ರಕ್ಕೆ ಹಾಕಿ ಮತ್ತೆ ಜೀವ ಬರಿಸುತ್ತಾನೆ. ಮನೆಯಲ್ಲಿ ಅದರ ಹೆಸರು ‘ಕಲ್ಲುಮೂಳೆ’.

“ನೋಡು ಆಮೆ, ಲಕ್ಷ ವರ್ಷ ಮಲಗಿದ್ದೋನೇ ಎದ್ದು ಓಡಾಡ್ತಿದಾನೆ. ನಂದೇನು ಮಹಾ, ಒಂದು ವರ್ಷ,” ಎಂದು ಅಪ್ಪ ನಗುತ್ತಿದ್ದರು.

ಎದ್ದ ಪ್ರಾಣಿಗಳಿಗೆಲ್ಲ ಹೆಸರಿಟ್ಟವರು ಅವರೇ. ನಡುಗುವ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಇಡುತ್ತಿದ್ದರು. ಬಾಯಿ ಮುಚ್ಚಲಾಗದ ದವಡೆಯದು ‘ದೊಡ್ಡತ್ತೆ’. ಹೊಟ್ಟೆ ಮುಂದೆ ಹಾಕಿಕೊಂಡು ನುಗ್ಗುವುದು ‘ಕಂಡಕ್ಟರ್’. ಬೆನ್ನ ಮೇಲೆ ಚಿಪ್ಪಿರುವುದು ‘ಆಮೆ’.

ಚಿಪ್ಪಿನ ಕಲ್ಲು, ರೆಕ್ಕೆಯ ಕಲ್ಲು ಎರಡೂ ಇರುವುದು ಒಂದೇ ಗುಹೆಯಲ್ಲಿ. ಆದರೆ ಒಬ್ಬರಿಗೆ ಒಂದೇ. ಒಂದನ್ನು ಎತ್ತಿಕೊಂಡರೆ ಇನ್ನೊಂದು ಮಾಯ. ಅವಳು ಚಿಪ್ಪಿನದನ್ನು ತೆಗೆದುಕೊಂಡಾಗ, ಪಕ್ಕದ ಮನೆಯ ಗೂಬೆ ತನ್ನ ಆಟದಲ್ಲಿ ರೆಕ್ಕೆಯದನ್ನು ಎತ್ತಿಕೊಂಡು, ಎರಡೂ ಗೇಮ್‌ಗಳಿಗೆ ವೈರು ಜೋಡಿಸಿ ಆ ಕಲ್ಲನ್ನು ಅವಳಿಗೆ ದಾಟಿಸಿದ್ದ. ಅಪ್ಪ ಅದನ್ನೂ ಎಬ್ಬಿಸಿದರು. ಅದು ಏಳನೇದು. ಅದಕ್ಕೂ ಒಂದು ಹೆಸರಿಟ್ಟರು.

“ಒಂದ್ಸಲ ತೋರಿಸೇ. ನಾನೇ ಕೊಟ್ಟಿದ್ದಲ್ವಾ?” ಅವನು ಎಷ್ಟು ಕೇಳಿದರೂ ಅವಳು ತೋರಿಸಲಿಲ್ಲ.

ಏಳು ಪ್ರಾಣಿಗಳೂ ಎದ್ದವು. ಅಪ್ಪ ಏಳಲಿಲ್ಲ.

ಅಪ್ಪ ಹೋಗಿ ಹತ್ತು ದಿನಕ್ಕೆ ಅವನು ಬಂದು, ಒಂದು ದಿನದ ಮಟ್ಟಿಗೆ ಕ್ಯಾಸೆಟ್ ಕೊಡು ಎಂದ. ಯಾಕೆ, ಏನು ಎಂದು ಕೇಳುವ ತ್ರಾಣವಿಲ್ಲದೆ ಕೊಟ್ಟಳು. ಮಾರನೇ ದಿನ ತಂದಿಟ್ಟು, ಮುಖ ಎತ್ತದೆ ಹೋದ. ಅವಳು ಆನ್ ಮಾಡಿದಳು.

‘ಹೊಸ ಆಟ’.

ಅಷ್ಟೇ ಇತ್ತು. ಅಪ್ಪನ ಬೆರಳು ಒತ್ತಿದ ಒಂದಕ್ಷರವೂ ಇರಲಿಲ್ಲ.

ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೇ ಅವನು. ಬ್ಯಾಟರಿ ಸವೆಯುತ್ತಿದ್ದುದು ನಿಜ, ಆದರೆ ಅದು ತಾನಾಗಿ ಸತ್ತಿದ್ದರೆ ಅವನೇಕೆ ಮುಖ ತಪ್ಪಿಸಬೇಕು? ತೋರಿಸಲಿಲ್ಲ ಎಂಬ ಒಂದು ಸಿಟ್ಟಿಗೆ ಇಂಥ ಸೇಡು... ಅವಳು ಕ್ಯಾಸೆಟ್ ಅನ್ನು ಅವನ ಕಿಟಕಿಗೆ ಬೀಸಿ ಎಸೆದಳು. ಅವನು ಹೊರಗೆ ಬರಲಿಲ್ಲ. ತಿಂಗಳೊಳಗೆ ಅವನ ಮನೆಯವರು ಬೀದಿಯನ್ನೇ ಬಿಟ್ಟರು. ಅವಳು ಶಾಲೆ ಬಿಟ್ಟು ಮಾವನ ಅಂಗಡಿ ಸೇರಿದಳು.

* * *

ಮಾವನ ಅಂಗಡಿಗೊಂದು ನಿಯಮ. ಬ್ಯಾಟರಿ ಬದಲಾಯಿಸುವ ಮೊದಲು ಕ್ಯಾಸೆಟ್ ಆನ್ ಮಾಡಿ, ಒಳಗೇನಿದೆ ನೋಡಬೇಕು. ಅದನ್ನು ಕಂಪ್ಯೂಟರಿಗೆ ಕಾಪಿ ತೆಗೆಯಬೇಕು. ಆಮೇಲೆ ಬ್ಯಾಟರಿಗೆ ಕೈ ಹಾಕಬೇಕು. ಆಡಿದ್ದೆಲ್ಲ ಉಳಿಯುವುದು ಆ ಗುಂಡಿಯಷ್ಟಗಲದ ಬ್ಯಾಟರಿಯ ಬಲದಿಂದ. ಅದನ್ನು ಕಿತ್ತರೆ ಒಳಗೆಲ್ಲ ಖಾಲಿ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ.

ಅವಳು ಆನ್ ಮಾಡಲಿಲ್ಲ.

‘ನೋಡಿದರೆ ಎಲ್ಲಿ ಕರುಣೆ ಬಂದುಬಿಡುತ್ತದೋ! ನೋಡಲೇಬಾರದು.’

ಮೇಲಿನ ಚಿತ್ರದ ಚೀಟಿ ಕಿತ್ತುಹೋಗಿದ್ದ, ಒಂದು ಮೂಲೆ ಮುರಿದಿದ್ದ ಕ್ಯಾಸೆಟ್. ಸ್ಕ್ರೂ ಬಿಚ್ಚಿದಳು. ಒಳಗೆ ಬ್ಯಾಟರಿಯ ಎರಡೂ ಕಡೆ ಬೆಸುಗೆ ಮುದ್ದೆಮುದ್ದೆಯಾಗಿ ಸುರಿದುಕೊಂಡಿತ್ತು. ಪಕ್ಕದ ಹಸಿರು ಹಲಗೆ ಸುಟ್ಟು ಕಂದಾಗಿತ್ತು. ಯಾವನೋ ಕೈಬಾರದವನ ಕೆಲಸ ಎಂದುಕೊಂಡು, ಸೋಲ್ಡರಿಂಗ್ ಐರನ್ ಕಾಯಿಸಿ ತಾಗಿಸಿದಳು. ಬೆಸುಗೆ ಕರಗಿತು. ಚಿಮುಟದಿಂದ ಎಳೆದಳು.

ಬ್ಯಾಟರಿ ಕೈಗೆ ಬಂತು. ಎಷ್ಟು ಸುಲಭ... ಹನ್ನೊಂದು ವರ್ಷ ಕಾದಿದ್ದಕ್ಕೆ ಎರಡು ನಿಮಿಷದ ಕೆಲಸ.

“ಕಾಪಿ ತೆಗೆದ್ಯೇನಮ್ಮ?” ಒಳಗಿನಿಂದ ಮಾವ ಕೇಳಿದರು.

“ಹ್ಞೂಂ ಮಾವ.”

ಆ ಅಂಗಡಿಯಲ್ಲಿ ಅವಳು ಹೇಳಿದ ಮೊದಲ ಸುಳ್ಳು. ನಾಲಿಗೆಗೆ ಸಿಹಿಯಾಗಿತ್ತು.

ಮೂರು ದಿನ ಅವಳು ಹೊಟ್ಟೆ ತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. ತಲೆ ಬಾಚುವಾಗ ಕನ್ನಡಿಯೆದುರು ಮಾತು ಜೋಡಿಸಿದಳು. ‘ಹೇಗಿದೆ?’ ಎನ್ನಬೇಕು. ಅಷ್ಟೇ ಸಾಕು.

“ಏನೇ, ಮುಖ ಅರಳಿಬಿಟ್ಟಿದೆ?” ಅಮ್ಮ ಕೆಣಕಿದಳು. “ಯಾರಾದ್ರೂ ಸಿಕ್ಕಿದ್ರಾ?”

“ಹ್ಞೂಂ. ಸಿಕ್ಕಿದ್ರು,” ಎಂದಳು ಅವಳು, ತಣ್ಣಗೆ.

* * *

ನಾಲ್ಕನೇ ದಿನ ಮಧ್ಯಾಹ್ನ ಅವನು ಬಂದ. ಅಂಗಿಯ ತೋಳಿಗೆ ಗಾಜಿನ ಪುಡಿ ಮೆತ್ತಿತ್ತು. ಅವಳು ಕ್ಯಾಸೆಟ್ ಹಾಕಿದ ಗೇಮ್ ಅನ್ನು ಅವನ ಮುಂದೆ ಸರಿಸಿದಳು.

“ನೋಡ್ಕೊಳ್ಳಿ.”

ಅವನು ಆನ್ ಮಾಡಿದ. ‘ಹೊಸ ಆಟ’.

ಆಫ್ ಮಾಡಿ, ಕ್ಯಾಸೆಟ್ ತೆಗೆದು, ಊದಿ, ಮತ್ತೆ ಹಾಕಿದ. ‘ಹೊಸ ಆಟ’.

‘ಹಾಕು, ಇನ್ನೊಂದ್ಸಲ ಹಾಕು. ನಾನು ನಲವತ್ತು ಸಲ ಹಾಕಿ ನೋಡಿದ್ದೆ.’

ಅವಳು ಮಾಸ್ಕು ಬಿಚ್ಚಿದಳು. “ಹೇಗಿದೆ, ಗೂಬೆ?”

ಅವನು ಬೆಚ್ಚಲಿಲ್ಲ. “ಅವತ್ತೇ ಗೊತ್ತಾಯ್ತು ನೀನು ಅಂತ. ಮಾಸ್ಕ್ ಹಾಕಿದ್ರೇನು... ಕುತ್ತಿಗೆ ಒಳಗೆ ಎಳ್ಕೊಂಡ್ಯಲ್ಲ.” ತೆರೆಯತ್ತ ಬೆರಳು ಮಾಡಿ ಕೇಳಿದ. “ಕಾಪಿ ಇದ್ಯಾ?”

“ಇಲ್ಲ.”

“ಆನ್ ಮಾಡಿ ನೋಡಿದ್ಯಾ?”

“ಯಾಕೆ ನೋಡಲಿ? ನೀನು ನೋಡಿದ್ಯಾ, ಅಳಿಸೋ ಮುಂಚೆ?”

ಅವನು ಸ್ಟೂಲಿನ ಮೇಲೆ ಕೂತ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳು ಕಾಯುತ್ತಿದ್ದಳು. ಅವನು ಕೂಗಾಡಲಿ, ಮೇಜು ಗುದ್ದಲಿ, ಅಳಲಿ. ಅದನ್ನು ನೋಡಲೆಂದೇ ಅಲ್ಲವೇ ಇಷ್ಟು ವರ್ಷ...

“ರಿಪೇರಿಯವರು ಮೊದಲು ಆನ್ ಮಾಡಿ ನೋಡ್ತಾರೆ ಅಂದ್ಕೊಂಡೆ,” ಅವನೆಂದ. “ಬಾಯಲ್ಲಿ ಹೇಳೋ ಧೈರ್ಯ ಇರಲಿಲ್ಲ. ನೀನೇ ನೋಡ್ಲಿ ಅಂತ ಕೊಟ್ಟೆ. ಅದು ನಿನ್ನ ಕ್ಯಾಸೆಟ್ ಕಣೇ. ನನ್ನ ಕಿಟಕಿಗೆ ಎಸೆದ್ಯಲ್ಲ, ಅದೇ.”

ಮುರಿದ ಮೂಲೆ. ಕಿತ್ತ ಚೀಟಿ.

“ನಾನು ಬೇಕಂತ ಅಳಿಸಿಲ್ಲ. ಆಟ ಶುರು ಆದಾಗೆಲ್ಲ ಬ್ಯಾಟರಿ ಮುಗೀತಿದೆ ಅಂತ ಬರ್ತಿತ್ತು. ಅಪ್ಪನ ಪ್ರಾಣಿಗಳೂ ಹೋಗ್ತಾವೆ ಅಂತ ನೀನು ಅಳ್ತಿದ್ದೆ. ಹೊಸದು ಹಾಕಿ, ನಿಂಗೆ ಹೇಳದೆ ತಂದು ಕೊಡೋಣ ಅಂತ ತಗೊಂಡೆ. ಹಳೇದನ್ನ ಕಿತ್ತರೆ ಎಲ್ಲ ಹೋಗುತ್ತೆ ಅಂತ... ನಂಗೆ ಗೊತ್ತಿರಲಿಲ್ಲ.”

“ಸುಳ್ಳು.”

“ಒಳಗಡೆ ಬೆಸುಗೆ ನೋಡಿದ್ಯಲ್ಲ. ಅದು ಗೊತ್ತಿರೋನು ಹಾಕಿದ ಹಾಗಿತ್ತಾ?”

ನೋಡಿದ್ದಳು. ಮುದ್ದೆ ಮುದ್ದೆ, ಸುಟ್ಟ ಹಲಗೆ. ಕೈಬಾರದವನ ಕೆಲಸ. ಅವಳ ಕಣ್ಣು ಎಷ್ಟೋ ವರ್ಷದಿಂದ ಬೆಸುಗೆ ನೋಡಿ ನೋಡಿ ಪಳಗಿದ್ದು. ಅದು ಸುಳ್ಳು ಹೇಳಲಾರದು. ಕ್ಯಾಸೆಟ್ ಹಿಂದಿರುಗಿಸಿದ ದಿನ ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅದನ್ನೂ ನೋಡಿದ್ದಳು. ಆದರೆ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದು ಅವನ ತಗ್ಗಿದ ಮುಖವನ್ನಷ್ಟೇ.

“ಅವತ್ತೇ ಯಾಕೆ ಹೇಳಲಿಲ್ಲ?”

“ಹೆದರಿಕೆ. ನಿಮ್ಮಪ್ಪನ್ನ ನಾನೇ ಇನ್ನೊಂದ್ಸಲ ಸಾಯಿಸಿದೆ ಅನ್ನಿಸ್ತು. ಅದಕ್ಕೇ ಅದೇ ಕ್ಯಾಸೆಟ್‌ನಲ್ಲಿ ಮತ್ತೆ ಆಡಿದೆ. ಒಂದೊಂದೇ ಕಲ್ಲುಮೂಳೆ ಅಗೆದು, ಮುದುಕನ ಹತ್ರ ಒಯ್ದು... ದೊಡ್ಡತ್ತೆ, ಕಂಡಕ್ಟರ್, ಆಮೆ. ನೀನು ಅಡುಗೆಮನೆಗೆ ಹೋದಾಗ ನಿಮ್ಮಪ್ಪ ಒಂದೊಂದರ ಹೆಸರೂ ಹೇಳಿ ನನ್ನನ್ನ ನಗಿಸ್ತಿದ್ರು. ಎಲ್ಲ ನೆನಪಿತ್ತು. ಆರು ಆಗಿತ್ತು.”

ಆರು.

ಅಪ್ಪ ಇಟ್ಟ ಆರು ಹೆಸರೂ ಮೂರು ದಿನದ ಹಿಂದೆ ಅವಳ ಅಂಗೈಯಲ್ಲೇ ಇದ್ದವು. ಆನ್ ಮಾಡಿದ್ದರೆ ಸಾಕಿತ್ತು. ‘ನಾನೇ... ನನ್ನ ಕೈಯಾರೆ ಕಿತ್ತೆ.’ ಕಾದು ಕಾದು ಬೀಸಿದ ಸೇಡು ಅವನನ್ನು ದಾಟಿ ಅವಳ ಎದೆಗೇ ಬಂದು ನಾಟಿತ್ತು.

ಅಳು ಬರಲಿಲ್ಲ. ಬಂದದ್ದು ಸಿಟ್ಟು.

“ಹನ್ನೊಂದು ವರ್ಷ ಬೇಕಾಯ್ತೇನೋ ಇದನ್ನ ಹೇಳೋಕೆ? ಒಂದು ಚೀಟಿ ಬರೆದು ಬಾಗಿಲ ಸಂದಿಲಿ ತೂರಿಸೋಕೆ ಆಗ್ತಿರಲಿಲ್ವಾ? ದಿನಾ ನಿನ್ನನ್ನ ಬೈದು ಮಲಗ್ತಿದ್ದೆ, ಬೈತಾ ಏಳ್ತಿದ್ದೆ. ನಿನ್ನನ್ನ ದ್ವೇಷಿಸೋದರಲ್ಲೇ ನಂಗೆ ಹೊತ್ತು ಸಾಲಲಿಲ್ಲ, ಬೇರೆ ಯಾರನ್ನೂ ಕಣ್ಣೆತ್ತಿ ನೋಡೋಕೂ ಆಗಲಿಲ್ಲ ಕಣೋ.”

ಅವಳ ಜೀವನದಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

“ಬೈ,” ಅವನೆಂದ. “ಇನ್ನೂ ಬೈ.”

ಅವಳು ಬೈಯಲಿಲ್ಲ. ತೆರೆಯ ಮೇಲಿನ ‘ಹೊಸ ಆಟ’ವನ್ನು ನೋಡುತ್ತ ಕೇಳಿದಳು. “ಏಳನೇದು?”

“ರೆಕ್ಕೆದು ಒಬ್ಬನಿಂದ ಆಗಲ್ವಲ್ಲ. ನನ್ನದನ್ನ ಅವತ್ತೇ ನಿಂಗೆ ಕೊಟ್ಟಾಗಿತ್ತು, ಜೊತೆಗೆ ಇನ್ನೊಬ್ಬರು ಬೇಕು. ಬೇರೆ ಯಾರನ್ನೂ ಕೇಳೋಕೆ ಮನಸ್ಸಾಗಲಿಲ್ಲ. ಅದರ ಹೆಸರೂ ಗೊತ್ತಿಲ್ಲ ನಂಗೆ. ಕ್ಯಾಸೆಟ್ ಕೈಯಲ್ಲಿದ್ದಾಗಲೂ, ನೀನು ಬೇಡ ಅಂದಿದ್ದನ್ನ ಕದ್ದು ನೋಡಲಿಲ್ಲ. ನಿಮ್ಮಪ್ಪ ಅದೊಂದನ್ನ ಮಾತ್ರ ಹೇಳಲಿಲ್ಲ. ‘ಅವಳನ್ನೇ ಕೇಳು’ ಅಂದ್ರು.”

ಅವಳ ಕಿವಿಯ ತುದಿ ಬಿಸಿಯಾಯಿತು. ಕುತ್ತಿಗೆ ಒಳಗೆ ಸರಿಯಲು ಹೊರಟಿತು. ಅವಳು ಬಲವಂತದಿಂದ ತಲೆ ಎತ್ತಿದಳು.

“ಗೂಬೆ ಅಂತ ಇಟ್ಟಿದ್ರು. ನಿನ್ನ ಹೆಸರು. ಇಟ್ಟು, ನನ್ನ ಮುಖ ನೋಡಿ ನಕ್ಕರು. ಅಪ್ಪಂಗೆ ಗೊತ್ತಾಗಿಹೋಗಿತ್ತು. ತೋರಿಸಿದ್ರೆ ನಿನಗೂ ಗೊತ್ತಾಗ್ತಿತ್ತು. ಅದಕ್ಕೇ ತೋರಿಸಲಿಲ್ಲ.”

ಅವನು ನಿಧಾನವಾಗಿ ಕನ್ನಡಕ ಹಾಕಿಕೊಂಡ. ಅವಳನ್ನು ಸರಿಯಾಗಿ ನೋಡಲು.

“ಏನು ಗೊತ್ತಾಗ್ತಿತ್ತು?”

“ಎಲ್ಲಾನೂ ಬಾಯಿ ಬಿಟ್ಟೇ ಹೇಳಬೇಕಾ ನಿಂಗೆ?”

ಅವಳು ಎದ್ದು ಕಪಾಟಿನಿಂದ ಇನ್ನೊಂದು ಗೇಮ್, ಅದೇ ಆಟದ ಇನ್ನೊಂದು ಕ್ಯಾಸೆಟ್, ಒಂದು ವೈರು ತಂದಳು. ಸ್ಟೂಲು ಎಳೆದು ಅವನ ಪಕ್ಕದಲ್ಲಿ ಕೂತಳು. ಇಬ್ಬರೂ ‘ಹೊಸ ಆಟ’ ಒತ್ತಿದರು.

“ನನ್ನನ್ನ ಕ್ಷಮಿಸಿದ್ಯಾ?” ಅವನು ತೆರೆ ನೋಡುತ್ತಲೇ ಕೇಳಿದ.

“ಇಲ್ಲ. ನೀನು?”

“ಸದ್ಯಕ್ಕಿಲ್ಲ. ಆರೂ ಅಳಿಸಿಬಿಟ್ಯಲ್ಲ.”

“ಹಾಗಾದ್ರೆ ದಿನಾ ಬಂದು ಇಲ್ಲೇ ಕೂತು ಕೋಪ ಮಾಡ್ಕೊ.”

“ಎಷ್ಟು ದಿನ?”

“ಮೊದಲು ಆ ಗುಹೆ ತನಕ ಬಾ. ಆಮೇಲೆ ನೋಡೋಣ.”

ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಯಾರೂ ಸರಿಸಿಕೊಳ್ಳಲಿಲ್ಲ.

ಒಳಗಿನ ಕೋಣೆಯಿಂದ ಮಾವನ ದನಿ ಬಂತು. “ಯಾರಾದ್ರೂ ಒಂದು ಲೋಟ ನೀರು ಕೊಡ್ರಪ್ಪ.”

ಎರಡು ತಲೆಗಳೂ ತೆರೆಯ ಮೇಲೆ ಬಾಗಿದ್ದವು.

“ನೀರು ಕೇಳ್ದೆ ಕಣಮ್ಮ. ಒಂದು ಲೋಟ ನೀರು.”