ಉಪವಾಸವಿದ್ದ ಕೌದಿ

"ಸಿದ್ದಾರೂಢ ಅಂದ್ರ ನೀವೇನ್ರಿ?"

ಕೇಳಿದವಳ ಕಣ್ಣಲ್ಲಿ ಕಿಡಿ ಹಾರುತ್ತಿತ್ತು. ಕಂಕುಳಲ್ಲಿ ದೊಡ್ಡದೊಂದು ಗಂಟಿತ್ತು. ಚಹಾದ ಕಪ್ಪಿಗೆ ತುಟಿ ಹಚ್ಚಿದ್ದ ಯುವಕ ತಡಬಡಿಸಿ ಎದ್ದು ನಿಂತ.

"ಹೌದ್ರಿ... ನಾನ. ತಾವು?"

"ಇಂಡಿ ಊರಿನ ಪ್ರಜ್ಞಾ!"

ಹೆಸರು ಕೇಳಿದ್ದೇ ತಡ, ಅವನ ಮುಖ ಅರಳಿತು. ಪಾಪ, ಅರಳಬಾರದಿತ್ತು! ಅವಳು ಗಂಟು ಬಿಚ್ಚಿ ಒಳಗಿದ್ದ ಕೌದಿಯನ್ನು ಅವನ ಎದೆಗೇ ಒಗೆದಳು.

"ತಗೋರಿ! ಹೊಟ್ಟಿ ತುಂಬ ಉಣಿಸೇನಿ. ಈಗ ಸಮಾಧಾನ ಆತೇನ್ರಿ?"

ಕೌದಿಯಿಂದ ಕೆಂಪಿರುವೆಗಳು ಸಾಲುಗಟ್ಟಿ ಇಳಿದು ಅವನ ಇಸ್ತ್ರಿ ಅಂಗಿಯ ತೋಳಿನೊಳಗೆ ಹೊಕ್ಕವು. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮನುಷ್ಯ, ಸಿಂದಗಿಯ ಸಗೀರಾ ಆಪಾಳ ಅಂಗಳದಲ್ಲಿ ಎಲ್ಲರೆದುರು ಕುಣಿಯತೊಡಗಿದ.

ಇಷ್ಟಕ್ಕೆಲ್ಲ ಕಾರಣ ಒಂದು ವಾಟ್ಸಾಪ್ ಗುಂಪು.

ಸಗೀರಾ ಆಪಾ ಕಟ್ಟಿದ 'ಕೌದಿ ಮಂದಿ' ಗುಂಪಿನಲ್ಲಿ ಸುತ್ತಲಿನ ಊರಿನವರೆಲ್ಲ ಇದ್ದರು. ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು, ಫೋಟೋ ಹಾಕುವುದು, ಒಬ್ಬರ ಹೊಲಿಗೆಯಲ್ಲಿ ಇನ್ನೊಬ್ಬರು ತಪ್ಪು ಹುಡುಕುವುದು ಅವರ ಕೆಲಸ. ಪ್ರಜ್ಞಾ ಅಲ್ಲಿಗೆ ಸೇರಿದಾಗ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ತೀರಿಹೋದ ಅವ್ವನ ಸೀರೆಗಳು ಟ್ರಂಕಿನಲ್ಲಿದ್ದವು. ಅವನ್ನು ಹೊದ್ದು ಮಲಗಬೇಕು ಎಂಬ ಆಸೆಯೊಂದೇ ಅವಳ ಬಂಡವಾಳ.

ಮೊದಲ ದಿನವೇ ಗುಲಾಬಿ ಹೂವಿನ ಶುಭೋದಯ ಹಾಕಿ ಬೈಸಿಕೊಂಡಳು.

"ಹೂವು ಬ್ಯಾಡವಾ, ಹೊಲಿಗಿ ತೋರಸು!" ಎಂದು ಸಗೀರಾ ಆಪಾಳ ಧ್ವನಿ ಸಂದೇಶ ಬಂತು.

ಹೊಲಿಗೆ ತೋರಿಸಿದಳು. ಮುದ್ದೇಬಿಹಾಳದ ಗುರವ್ವ ಕಾಕು ಕೇಳಿದರು, "ಇದು ಹೊಲಿಗ್ಯೋ, ಕೋಳಿ ಕೆದರಿದ್ದೋ?"

ಗುಂಪು ಬಿಟ್ಟುಬಿಡೋಣ ಎಂದು ಅವಳು ಅಳುತ್ತ ಕುಳಿತಿದ್ದಾಗಲೇ ಗುಂಪಿನ ಏಕೈಕ ಗಂಡಸಿನಿಂದ ಎರಡು ಮಾತು ಬಂದವು.

"ಬರತೈತಿ. ಹೊಲೀರಿ."

ಅದು ಸಿದ್ದಾರೂಢ. ಅಜ್ಜಿಯಿಂದ ಕೌದಿ ಕಲಿತವನು, ಮಾತಿನಲ್ಲಿ ಮಾತ್ರ ಮಹಾ ಜಿಪುಣ. ಆದರೆ ಅವಳ ಪ್ರತಿ ಫೋಟೋಕ್ಕೂ ಮೊದಲು ಬರುತ್ತಿದ್ದದ್ದು ಅವನ ಕೆಂಪು ಹಾರ್ಟ್! ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಹೋಗಿ ಹೆಬ್ಬೆಟ್ಟು ಬಂದಿರುತ್ತಿತ್ತು.

'ಬೆರಳು ತಪ್ಪಿರಬೇಕು... ದಿನಾ ತಪ್ಪತೈತೇನು?' ಎಂದುಕೊಂಡು ಪ್ರಜ್ಞಾ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

ಅಂತೂ ಕೌದಿ ಮುಗಿಯಿತು. ಕೊನೆಯ ಮೂಲೆಗೆ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗನ್ನೇ ಇಟ್ಟು ಹೊಲಿದು, ಫೋಟೋ ಹಾಕಿ, ಶಹಬ್ಬಾಸ್‌ಗಿರಿಗೆ ಕಾದಳು.

ಸಿದ್ದಾರೂಢ ಬರೆದ, "ನಾಲ್ಕೂ ಮೂಲಿ ಮುಚ್ಚೀರಿ. ಕೌದಿ ಉಪವಾಸ ಐತಿ."

ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಚ್ಚಬಾರದು, ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ರೊಟ್ಟಿ ಇಡಬೇಕು ಎಂದು ಗುರವ್ವ ಕಾಕು ತಿಳಿಸಿ ಹೇಳಿದರು.

"ಎಷ್ಟು ಇಡಬೇಕ್ರಿ?" ಎಂದು ಪ್ರಜ್ಞಾ ಕೇಳಿದಳು.

"ಹೊಟ್ಟಿ ತುಂಬುವಷ್ಟು," ಎಂದ ಸಿದ್ದಾರೂಢ.

ಹಳಬರೆಲ್ಲ ನಗುವ ಮುಖಗಳನ್ನು ಸುರಿದರು. ಹೊಸಬಳಿಗೆ ಯಾವುದು ಚ್ಯಾಷ್ಟಿ, ಯಾವುದು ಬುದ್ಧಿಮಾತು ಎಂದು ತಿಳಿಯಬೇಕಲ್ಲ! ಮೂಲೆ ಬಿಚ್ಚಿದಳು. ಇಡೀ ಜೋಳದ ರೊಟ್ಟಿ ಮಡಚಿ ಇಟ್ಟಳು. ಮೇಲೆ ತುಪ್ಪ, ಬೆಲ್ಲ. ಬರೀ ರೊಟ್ಟಿ ಹೇಗೆ ಇಳಿದೀತು ಎಂದು ಒಂದು ಹಿಡಿ ಶೇಂಗಾ ಹಿಂಡಿಯನ್ನೂ, ಅಂದರೆ ಚಟ್ನಿಪುಡಿಯನ್ನೂ, ಉದುರಿಸಿ ಹೊಲಿದಳು.

ವಾರ ಕಳೆಯುವುದರೊಳಗೆ ಇರುವೆಗಳು ಸಂಸಾರ ಸಮೇತ ಬಂದವು. ತುಪ್ಪ ಹರಡಿ ಅವ್ವನ ಸೆರಗು ಕಪ್ಪಗಾಯಿತು. ಭಾನುವಾರ ಎಲ್ಲರೂ ಸಿಂದಗಿಯಲ್ಲಿ ಕೂಡುತ್ತಾರೆಂದು ಗೊತ್ತಿತ್ತು. ಅವಳು ಮೊದಲ ಬಸ್ಸು ಹತ್ತಿ ಬಂದಿದ್ದಳು.

ಕುಣಿತ ನಿಲ್ಲಿಸಿದ ಸಿದ್ದಾರೂಢ ತೋಳು ಕೆರೆದುಕೊಳ್ಳುತ್ತ ಹೇಳಿದ, "ಚ್ಯಾಷ್ಟಿ ಮಾಡಿದ್ದೆರಿ... ಉಗುರಿನಷ್ಟು ಒಣಾ ರೊಟ್ಟಿ ಇಟ್ರ ಸಾಕು. ಎಲ್ಲಾರಿಗೂ ಗೊತ್ತಿರತೈತಿ ಅನ್ಕೊಂಡೆ."

"ನನಗ ಯಾರು ಹೇಳಬೇಕಿತ್ರಿ?" ಅವಳು ಕಪ್ಪಗಾದ ಸೆರಗನ್ನು ಎತ್ತಿ ತೋರಿಸಿದಳು. "ಹೇಳಬೇಕಾದಾಕಿ ಸೀರಿನ ಇದು!"

ಸಿದ್ದಾರೂಢ ಮೆಲ್ಲನೆ ನೆಲದ ಮೇಲೆ ಕುಳಿತು ಸಣ್ಣ ಕತ್ತರಿ ತೆಗೆದ. ಪ್ರಜ್ಞಾ ಗಾಬರಿಯಿಂದ ಅವನ ಕೈ ಹಿಡಿದುಬಿಟ್ಟಳು.

"ಕತ್ತರಿ ಬ್ಯಾಡ್ರಿ!"

"ಬಟ್ಟಿಗಿ ಹಚ್ಚೂದಿಲ್ರಿ. ದಾರ ಅಷ್ಟ."

ಒಂದೊಂದೇ ಹೊಲಿಗೆ ಬಿಚ್ಚಿದ. ರೊಟ್ಟಿ ಹೊರಗೆ ಬಂತು. ಗುರವ್ವ ಕಾಕು ಮೂಗಿನ ಹತ್ತಿರ ಹಿಡಿದು ಮೂಸಿ, ಗಂಭೀರವಾಗಿ ಹೇಳಿದರು, "ಹೊಲಿಗಿ ಹೆಂಗರ ಇರಲಿ, ಹಿಂಡಿ ಭಾಳ ಚೊಲೊ ಮಾಡೀಯವಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಣ್ಣೀರು ಒರೆಸುತ್ತ ಪ್ರಜ್ಞಾಳೂ ನಕ್ಕುಬಿಟ್ಟಳು.

ಸಿದ್ದಾರೂಢ ಕಲೆಗೆ ಸೀಗೆಪುಡಿ ಹಚ್ಚಿ, ನಲ್ಲಿಯ ಕೆಳಗೆ ಕುಳಿತು ತಿಕ್ಕಿ ತಿಕ್ಕಿ ತೊಳೆದ. ಆಮೇಲೆ ಆ ಮೂಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಿಸಿಲಲ್ಲಿ ನಿಂತ.

"ಅಲ್ಲಿ ಹಗ್ಗ ಐತಪಾ!" ಎಂದಳು ಸಗೀರಾ ಆಪಾ.

"ಇರ್ಲಿ ಆಪಾ. ಹಗ್ಗಕ್ಕ ಇರವಿ ಹತ್ತತಾವ."

ಪ್ರಜ್ಞಾ ಹತ್ತಿರ ಬಂದು ನಿಂತಳು. ಅವ್ವನ ಸೆರಗಿನ ಕೆಂಪು ಬಿಸಿಲಿನಲ್ಲಿ ಮೆಲ್ಲಗೆ ಮರಳುತ್ತಿತ್ತು. ಅವಳ ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ಇಳಿಸದೆ ಬಿಡುವವಳಲ್ಲ ಅವಳು.

"ಎರಡ ಮಾತು ಬರದು ಇಷ್ಟೆಲ್ಲಾ ಮಾಡಿದ್ರಿ. ಮೂರನೇ ಮಾತು ಬರೂದ ಇಲ್ಲೇನ್ರಿ ನಿಮಗ?"

"ಬರತೈತ್ರಿ..." ಅವನು ಕೌದಿಯ ಹಿಂದೆ ಮುಖ ಮರೆಮಾಡಿಕೊಂಡ. "ದಿನಾ ಉದ್ದಕ ಬರದು ಅಳಸ್ತೇನಿ. ನಿಮ್ಮ ಫೋಟೋ ಬಂದ್ರ ಸಾಕು, ಪಾಠ ಎಲ್ಲಿಗೆ ಬಿಟ್ಟಿದ್ದೆ ಅನ್ನೂದ ಮರೀತೇನಿ."

"ಹಂಗಾರ ಆ ಹಾರ್ಟ್..."

"ಬೆರಳು ತಪ್ಪಿದ್ದಲ್ರಿ. ನೀವಂದ್ರ ನನಗ ಜೀವಾರಿ."

ಪ್ರಜ್ಞಾಳ ಕಿವಿ ಬಿಸಿಯಾದವು. 'ಅವ್ವಾ, ನಿನ್ನ ಸೀರಿ ನನ್ನ ಎಲ್ಲಿಗೆ ಕರಕೊಂಡ ಬಂತು ನೋಡ!'

"ಮತ್ಯಾಕ ತಗೀತಿದ್ರಿ?"

"ಗುಂಪಿನ್ಯಾಗ ಗುರವ್ವ ಕಾಕು ಇದ್ದಾರಲ್ರಿ!"

ಕೌದಿ ಒಣಗಿತು. ಉಗುರಿನಷ್ಟು ಒಣ ರೊಟ್ಟಿಯನ್ನು ಪ್ರಜ್ಞಾ ಇಟ್ಟಳು, ಮೂಲೆಯನ್ನು ಇಬ್ಬರೂ ಸೇರಿ ಹೊಲಿದರು. ಅವಳು ಫೋಟೋ ತೆಗೆದು ಗುಂಪಿಗೆ ಹಾಕಿದಳು.

ಪಕ್ಕದಲ್ಲೇ ಕುಳಿತಿದ್ದವನ ಹೆಬ್ಬೆರಳು ಫೋನಿನ ಮೇಲೆ ಆಡಿತು. ಕೆಂಪು ಹಾರ್ಟ್ ಬಂತು.

ಅವಳು ಉಸಿರು ಬಿಗಿಹಿಡಿದು ನೋಡುತ್ತ ಕುಳಿತಳು. ಹಾರ್ಟ್ ಹಾಗೇ ಇತ್ತು.

"ತಗಿಯೂದಿಲ್ಲೇನ್ರಿ?"

"ಇಲ್ರಿ."

"ಗುರವ್ವ ಕಾಕು ನೋಡಾಕತ್ತಾರ..."

"ನೋಡ್ಲಿ ಬಿಡ್ರಿ."