ಗುರುವಿನ ತಪ್ಪು ಹಿಡಿದವನು

"ಶಾಸ್ತ್ರಿಗಳ ತಲೀಗೆ ನಾ ಕತ್ತಿ ಹಚ್ಚೂದಿಲ್ಲ."

ವರದೆ ತಂದೆಯ ಸ್ಕ್ಯಾನಿನ ಹಾಳೆಯನ್ನು ಮತ್ತೆ ಅವನತ್ತ ಸರಿಸಿದಳು.

ಬೈಲಹೊಂಗಲದ ಚಿಕಿತ್ಸಾಲಯದಲ್ಲಿ ಅವಳೆದುರು ಕುಳಿತವನು ಸಂಕೇತ! ಮನೋಳಿಯಲ್ಲಿ ಅವಳ ತಂದೆಯ ಬಳಿ ವೇದ ಕಲಿತು, ಬಳಿಕ ವೈದ್ಯನಾಗಿ, ಮಿದುಳಿನ ಗೆಡ್ಡೆಗಳ ಸಂಶೋಧನೆಯಲ್ಲಿ ಹೆಸರು ಗಳಿಸಿದವನು. ಅವಳ ಮನಸ್ಸನ್ನೂ ಒಮ್ಮೆ ಗೆದ್ದವನು...

ಅವನು ಹೆಣ್ಣು ಕೇಳಲು ಬಂದಾಗ ತ್ರ್ಯಂಬಕ ಶಾಸ್ತ್ರಿಗಳು ಹೊಸ್ತಿಲಲ್ಲೇ ತಡೆದಿದ್ದರು. "ಹೆಣಾ ಕೊಯ್ದ ಕೈಯಾಗ ನನ್ನ ಮಗಳ ಕೈ ಇಡೂದಿಲ್ಲ!"

ಇಂದು ಆ ಶಾಸ್ತ್ರಿಗಳ ಮಿದುಳಿನಲ್ಲಿ, ಮಾತಿನ ನೆಲೆಗೆ ಅಂಟಿಕೊಂಡೇ ಗೆಡ್ಡೆ ಬೆಳೆದಿತ್ತು.

'ಗೆಡ್ಡೆ ಹೋಗಿ, ಜೊತೆಗೆ ವಾಣಿಯೂ ಹೋದರೆ? ವೇದವೇ ಉಸಿರಾದವರಿಗೆ ಅದೆಂಥ ಬದುಕು!'

"ಹಳೇ ಸೇಡು ತೀರಸ್ಕೊಳ್ಳಾಕ ಹತ್ತೀರೇನ್ರಿ, ಡಾಕ್ಟರ?"

ಸಂಕೇತನ ಮುಖ ಬಾಡಿತು. "ಭಾವನಾ ಮೇಡಂ ಮಾಡತಾರ. ನನ್ನ ಹಿರಿಯರು, ನನಗಿಂತ ಪಳಗಿದ ಕೈ. ಬೆಳಗಾವಿಗೆ ಕರಕೊಂಡ ಬರ್ರಿ."

ಅವಳು ಕಣ್ಣೊರೆಸಿಕೊಂಡು ಎದ್ದಳು.

ಶಸ್ತ್ರಕ್ರಿಯೆಯ ದಿನ ವರದೆ ಬಾಗಿಲ ಹೊರಗೆ ಕುಳಿತು ಸವದತ್ತಿಯ ಯಲ್ಲಮ್ಮನನ್ನು ನೆನೆದದ್ದೇ ನೆನೆದದ್ದು. ಸಂಜೆ ಭಾವನಾ ಮೇಡಂ ನಗುತ್ತ ಬಂದರು.

"ಗೆಡ್ಡಿ ಹೊರಗ ಬಂತವ್ವಾ, ಮಾತೂ ಉಳೀತು! ಒಳಗ ಹೋಗಿ ನೋಡ, ಸಂಕೇತನ್ನ ಬೈಯಾಕ ಹತ್ಯಾರ."

'ಸಂಕೇತ ಒಳಗಿದ್ದನೇ?'

ತಲೆಗೆ ಪಟ್ಟಿ ಸುತ್ತಿದ್ದ ಶಾಸ್ತ್ರಿಗಳು ಮಗಳನ್ನು ಕಂಡದ್ದೇ ದೂರು ಆರಂಭಿಸಿದರು. "ಕೇಳಿದೇನ, ವರದಾ? ನನ್ನನ್ನ ಎಚ್ಚರ ಇಟ್ಟು, ತಲಿ ತಗದು, ವೇದದ ಘನಪಾಠ ಹೇಳಸ್ಯಾನ! ನಡುವ ನನ್ನ ಪದ ಹಿಂದುಮುಂದಾತು. 'ಗುರುಗಳ, ತಪ್ಪಿದ್ರಿ' ಅಂದ. ನನಗ! ಇಡೀ ಮನೋಳ್ಯಾಗ ಒಬ್ಬನಿಗರೆ ಈ ಧೈರ್ಯ ಇತ್ತೇನ?"

ತುಟಿಯಲ್ಲಿ ಕೋಪ, ಕಣ್ಣಂಚಿನಲ್ಲಿ ಆನಂದಬಾಷ್ಪ!

ತಲೆ ತಗ್ಗಿಸಿ ನಿಂತಿದ್ದ ಸಂಕೇತ ಮೆಲ್ಲನೆ ಹೊರನಡೆದ.

ಭಾವನಾ ಮೇಡಂ ವರದೆಯ ಭುಜ ಮುಟ್ಟಿದರು. "ಕತ್ತರಿಸೂಕಿಂತ ಮದಲ ಆ ಜಾಗಾ ಸಣ್ಣ ಕರೆಂಟಿನಿಂದ ಮುಟ್ಟಿ ನೋಡತೇವಿ. ಮಾತು ತಪ್ಪಿದ್ರ ಅದನ್ನ ಬಿಟ್ಟಬಿಡಬೇಕು. ಪದಗಳು ಮುಂದ ಹೋಗಿ, ಹಿಂದ ಬಂದು, ಮತ್ತ ಮುಂದ ಹೋಗೂ ಆ ಪಾಠದಾಗ ತಪ್ಪು ನನಗೇನ ತಿಳೀತದ? ಅಂವಾ ತಲೀ ಹತ್ತರ ಕುಂತು ಕೇಳಿದಾ. ಅಂವಾ ತಡದ ಕೂಡಲೆ ನಾ ಕೈ ಹಿಂದಕ್ಕ ತಗೊಂಡೆ."

"ಮತ್ತ... ಸಂಕೇತ ಅವರು ತಾವ ಯಾಕ ಮಾಡಲಿಲ್ರಿ?"

"ಸ್ವಂತದವರಿಗೆ ನಾವು ಡಾಕ್ಟರು ಕತ್ತಿ ಹಚ್ಚೂದಿಲ್ಲವ್ವಾ. ಕೈ ನಡುಗತದ."

ಸ್ವಂತದವರು! ವರದೆಯ ಎದೆಯ ಮೇಲಿನ ಕಲ್ಲು ಸರಿಯಿತು... ಅವಳು ಮೊಗಸಾಲೆಗೆ ಓಡಿದಳು. ಕಿಟಕಿಯ ಬಳಿ ಅವನೊಬ್ಬನೇ ನಿಂತಿದ್ದ.

"ಅವತ್ತ ಯಾಕ ಹೇಳಲಿಲ್ಲ?"

"ಅವರು ನನ್ನವರು ಅನ್ನಾಕ ನನಗ ಯಾರು ಹಕ್ಕ ಕೊಟ್ಟಿದ್ರು, ವರದಾ?"

"ನಾ ಕೊಟ್ಟಿದ್ದೆ... ಹೊಳ್ಳಿ ಇಸಕೊಂಡಿರಲಿಲ್ಲ."

ಒಳಗಿನಿಂದ ಶಾಸ್ತ್ರಿಗಳ ಕಂಠ ಕೇಳಿಸಿತು. ದಣಿದಿದ್ದರೂ ಒಂದಕ್ಷರವೂ ಜಾರದ ಅದೇ ಕಂಠ! "ಏ ಸಂಕೇತ! ನಿನ್ನ ಪಾಠ ಅರ್ಧಕ್ಕ ನಿಂತದ. ಮನೋಳಿಗೆ ಬಾ. ಹೊಳ್ಳಿ ಹೋಗೂ ಮುಂದ ಈ ಸಲ ಒಬ್ಬನ ಹೋಗಬ್ಯಾಡ!"

ವರದೆ ಅಳುತ್ತಲೇ ನಕ್ಕಳು. ಹೆಣ ಕೊಯ್ದದ್ದೆಂದು ತಂದೆ ಹಳಿದಿದ್ದ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು. ಅದು ನಡುಗುತ್ತಿತ್ತು.

"ಈಗ್ಯಾಕ ನಡುಗತದ, ಡಾಕ್ಟರ?"

"ಮೇಡಂ ಹೇಳಿರಬೇಕಲ್ಲ... ಸ್ವಂತದವರನ್ನ ಮುಟ್ಟಿದ್ರ ಹಿಂಗ."